ಬಾಕಿ ಸೊನ್ನೆ: ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಪ್ರಾಮಿಸ್‌ಗಳು ನುಂಗಿದ ಎರರ್‌ಗಳು

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಸೋಮವಾರ, ಗುರುವಾರ ಅಂದರೆ ದೊಡ್ಡ ದಿನ. ಜನವರಿಯಿಂದ ಮಾರ್ಚ್ ತನಕ ಆವಕ ಜೋರಾಗಿರುತ್ತದೆ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಮಾಲಿನ ಜೊತೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಲಾರಿಗಳು ಬರುತ್ತವೆ. ಎಲ್ಲ ರೈತರೂ ಮಾಲಿನ ಜೊತೆ ಬರುವುದಿಲ್ಲ. ನಾಲ್ಕಾರು ಜನ ಸೇರಿ ಒಂದೇ ಗಾಡಿ ಮಾಡಿ ಚೀಲ ಕಳಿಸುತ್ತಾರೆ. ಒಬ್ಬರು ಬರುತ್ತಾರೆ, ಉಳಿದವರು ಊರಲ್ಲೇ ಇರುತ್ತಾರೆ. ಟೆಂಡರ್ ಮುಗಿದು ರೇಟು ಗೊತ್ತಾಗುವ ಹೊತ್ತಿಗೆ ಅವರೆಲ್ಲರ ಕಣ್ಣು ಮೊಬೈಲ್ ಮೇಲೆ.

ಇಲ್ಲಿ ಮೆಸೇಜ್ ಅನ್ನುವುದು ಬರೀ ಸೌಜನ್ಯದ ವಿಷಯ ಅಲ್ಲ. ಬಂದ ರೇಟು ಒಪ್ಪಿಗೆಯಾಗದಿದ್ದರೆ ರೈತರು ಮಾಲು ಕೊಡದೆ ಇಟ್ಟುಕೊಳ್ಳಬಹುದು. ಕೋಲ್ಡ್ ಸ್ಟೋರೇಜಿಗೆ ಹಾಕಿ ಒಳ್ಳೆ ರೇಟಿಗೆ ಕಾಯಬಹುದು. ಆದರೆ ಅದಕ್ಕೆ ರೇಟು ಎಷ್ಟಾಯಿತು ಅಂತ ಹೊತ್ತಿಗೆ ಸರಿಯಾಗಿ ತಿಳಿಯಬೇಕು. 2024ರ ಮಾರ್ಚ್ 11ರಂದು ರೇಟು ಕುಸಿದಾಗ ಇದೇ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಕಚೇರಿಯವರೆಗೂ ಹೋಗಿ, ಗಾಡಿಗಳಿಗೆ ಬೆಂಕಿ ಬಿದ್ದಿತ್ತು. ರೇಟಿನ ಸುದ್ದಿ ಎಷ್ಟು ಸೂಕ್ಷ್ಮ ಅನ್ನುವುದನ್ನು ಅದಾದ ಮೇಲೆ ಅಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ನಾನು ಇಲ್ಲಿ ಬರೆಯುತ್ತಿರುವುದು ಅದರ ಮುಂದಿನ ಸೀಸನ್ನಿನ ಒಂದು ಪ್ರಕರಣ. ಬ್ಯಾಡಗಿಯ ಒಂದು ದಲಾಲಿ ಅಂಗಡಿ. ಅವರಿಗೆ ಹುಬ್ಬಳ್ಳಿಯ ಒಂದು ಸಣ್ಣ ಟೀಮು ಸಾಫ್ಟ್‌ವೇರ್ ಮಾಡಿಕೊಟ್ಟಿತ್ತು. ಇಬ್ಬರ ಹೆಸರೂ ಇಲ್ಲಿ ಬೇಡ. ಸಾಫ್ಟ್‌ವೇರಿನ ಕೆಲಸ ಸರಳ. ಲಾಟು ನಂಬರು, ಚೀಲ, ತೂಕ, ರೇಟು ಹಾಕಿದರೆ ರೈತರ ಪಟ್ಟಿ ತಯಾರಾಗುತ್ತದೆ. ಗುಮಾಸ್ತರು ಒಂದು ಬಟನ್ ಒತ್ತಿದರೆ ಆ ದಿನದ ಎಲ್ಲ ರೈತರಿಗೂ ಕನ್ನಡದಲ್ಲಿ ಎಸ್ಸೆಮ್ಮೆಸ್ ಹೋಗುತ್ತದೆ. ಸರ್ವರ್ ಓಡುವುದು ನೋಡ್ ಜೆಎಸ್ ಮೇಲೆ, ಅಂದರೆ ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ಸರ್ವರಿನಲ್ಲಿ ಓಡಿಸುವ ವ್ಯವಸ್ಥೆ. ಬರೆದಿದ್ದು ಶುದ್ಧ ಜಾವಾಸ್ಕ್ರಿಪ್ಟ್.

ದೂರು ಹೀಗೆ ಬಂತು. ಫೆಬ್ರವರಿಯಲ್ಲಿ ಒಬ್ಬ ರೈತರು ಅಂಗಡಿಗೆ ಬಂದು, "ನನಗ ಮೆಸೇಜ್ ಬಂದಿಲ್ರೀ, ಹೋದ ವಾರಾನೂ ಬಂದಿಲ್ಲ" ಅಂದರು. ಗುಮಾಸ್ತರು ಸ್ಕ್ರೀನ್ ತೋರಿಸಿದರು. ಅವರ ಲಾಟಿನ ಮುಂದೆ ‘ಕಳಿಸಿದೆ’ ಅಂತಲೇ ಇತ್ತು. ನೆಟ್‌ವರ್ಕ್ ಸಮಸ್ಯೆ ಇರಬೇಕು, ಮೊಬೈಲ್ ತುಂಬಿರಬೇಕು ಅಂತ ಮಾತು ಅಲ್ಲಿಗೇ ನಿಂತಿತು. ಆಮೇಲೆ ಮತ್ತೊಬ್ಬರು ಬಂದರು. ಆಮೇಲೆ ಫೋನುಗಳು ಶುರುವಾದವು. ಪ್ರತಿ ಸಲವೂ ಸ್ಕ್ರೀನ್ ಹೇಳುವುದು ಒಂದೇ: ಎಲ್ಲ ಹೋಗಿದೆ, ಬಾಕಿ ಸೊನ್ನೆ. ಸರ್ವರ್ ಲಾಗಿನಲ್ಲೂ ಒಂದೇ ಒಂದು ಎರರ್ ಇಲ್ಲ. ರೈತರು ಸುಳ್ಳು ಹೇಳುತ್ತಿದ್ದಾರೆ ಅನ್ನುವ ಮಾತು ಕೂಡ ಒಂದು ದಿನ ಬಂತಂತೆ. ಅದು ನನಗೆ ಇವತ್ತಿಗೂ ಬೇಸರ ತರುತ್ತದೆ. ತಪ್ಪು ಮಾಡಿದ ಪ್ರೋಗ್ರಾಮ್ ತನ್ನ ತಪ್ಪನ್ನು ಮುಚ್ಚಿಟ್ಟಿತ್ತು. ಅದರ ಅನುಮಾನ ಬಿದ್ದಿದ್ದು ಏನೂ ಗೊತ್ತಿಲ್ಲದವರ ಮೇಲೆ.

ನನ್ನನ್ನು ಕರೆದಿದ್ದು ಈ ಹಂತದಲ್ಲಿ.

ಮೊದಲ ಸುಳಿವು

ಎರರ್ ಇಲ್ಲದ ಲಾಗನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಒಂದು ಮಾರುಕಟ್ಟೆ ದಿನದಲ್ಲಿ ನೂರಾರು ಮೆಸೇಜ್, ಎಸ್ಸೆಮ್ಮೆಸ್ ತಲುಪಿಸುವ ಹೊರಗಿನ ಕಂಪನಿಯ ಗೇಟ್‌ವೇಗೆ ಹೋಗುವಾಗ ಒಂದಾದರೂ ಎಡವಬೇಕು, ಅಲ್ವಾ? ಏನೂ ಎಡವಿಲ್ಲ ಅಂದರೆ ಎಡವಿದ್ದನ್ನು ಯಾರೋ ಎತ್ತಿ ಪಕ್ಕಕ್ಕೆ ಹಾಕುತ್ತಿದ್ದಾರೆ ಅಂತ ಅರ್ಥ.

ಹಾಗಾಗಿ ಕೋಡ್ ತೆರೆಯುವ ಮೊದಲು ಎರಡು ಲೆಕ್ಕ ತೆಗೆಸಿದೆ. ಒಂದು, ನಮ್ಮ ಡೇಟಾಬೇಸಿನಲ್ಲಿ ‘ಕಳಿಸಿದೆ’ ಅಂತ ಇರುವ ಸಾಲುಗಳು. ಇನ್ನೊಂದು, ಗೇಟ್‌ವೇ ಕಂಪನಿಯ ರಿಪೋರ್ಟಿನಲ್ಲಿ ನಿಜವಾಗಿ ಒಪ್ಪಿಕೊಂಡ ಮೆಸೇಜ್‌ಗಳು. ಎರಡೂ ತಾಳೆ ಆಗಲಿಲ್ಲ. ಗೇಟ್‌ವೇ ಕಡೆ ಕಡಿಮೆ ಇತ್ತು. ಕಡಿಮೆ ಬಿದ್ದ ಹೆಸರುಗಳನ್ನು ಒಂದೆಡೆ ಬರೆಸಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಪ್ರತಿ ಮಾರುಕಟ್ಟೆ ದಿನವೂ ಬಿಟ್ಟುಹೋದವರು ಹೆಚ್ಚುಕಡಿಮೆ ಅವರೇ. ನೆಟ್‌ವರ್ಕ್ ತೊಂದರೆ ಆಗಿದ್ದರೆ ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ ಆಗಬೇಕಿತ್ತು. ಇವರಿಗೆ ಮಾತ್ರ ಯಾಕೆ?

ಅವರೆಲ್ಲರ ಹೆಸರು ಉದ್ದ ಇತ್ತು.

ಭಾರತದಲ್ಲಿ ವ್ಯವಹಾರದ ಎಸ್ಸೆಮ್ಮೆಸ್ ಕಳಿಸಬೇಕಾದರೆ ಅದರ ನಮೂನೆಯನ್ನು, ಅಂದರೆ ಟೆಂಪ್ಲೇಟನ್ನು, ಮೊದಲೇ ಡಿಎಲ್‌ಟಿ ಅನ್ನುವ ಟೆಲಿಕಾಂ ಕಂಪನಿಗಳ ದಾಖಲೆ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ 2018ರಲ್ಲಿ ಮಾಡಿದ ನಿಯಮ ಇದು. 2021ರ ಮಾರ್ಚ್‌ನಲ್ಲಿ ಈ ತಪಾಸಣೆ ಶುರುವಾದಾಗ ಬ್ಯಾಂಕುಗಳ ಒಟಿಪಿಗಳೇ ನಿಂತುಹೋಗಿದ್ದು ಹಲವರಿಗೆ ನೆನಪಿರಬಹುದು. ಟೆಂಪ್ಲೇಟಿನಲ್ಲಿ ಬದಲಾಗುವ ಭಾಗಕ್ಕೆ ಖಾಲಿ ಜಾಗ ಬಿಡುತ್ತಾರೆ. ಒಂದು ಖಾಲಿ ಜಾಗದಲ್ಲಿ ಹೆಚ್ಚೆಂದರೆ 30 ಅಕ್ಷರ. ಅದಕ್ಕಿಂತ ಜಾಸ್ತಿ ಆದರೆ ಮೆಸೇಜ್ ಟೆಂಪ್ಲೇಟಿಗೆ ಹೊಂದುವುದಿಲ್ಲ, ತಿರಸ್ಕಾರ ಆಗುತ್ತದೆ.

ಇಂಗ್ಲಿಷಿನಲ್ಲಿ 30 ಅಕ್ಷರ ಸಾಕಷ್ಟಾಯಿತು. ಕನ್ನಡದಲ್ಲಿ ಅಲ್ಲ. ಕಂಪ್ಯೂಟರ್ ಎಣಿಸುವುದು ನಾವು ಎಣಿಸುವ ಹಾಗಲ್ಲ. ‘ಮೋಟೆಬೆನ್ನೂರು’ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ 5 ಅಕ್ಷರ: ಮೋ, ಟೆ, ಬೆ, ನ್ನೂ, ರು. ಯೂನಿಕೋಡ್ ಲೆಕ್ಕದಲ್ಲಿ ಅದು 12. ವ್ಯಂಜನ ಒಂದು, ಅದರ ಸ್ವರಚಿಹ್ನೆ ಒಂದು, ಒತ್ತಕ್ಷರ ಬಂದರೆ ನಡುವಿನ ಹಲಂತ ಇನ್ನೊಂದು. ‘ಮಲ್ಲಿಕಾರ್ಜುನಗೌಡ’ ನಮಗೆ 7 ಅಕ್ಷರ, ಕಂಪ್ಯೂಟರಿಗೆ 15. ಅದರ ಮುಂದೆ ‘ಪಾಟೀಲ’ ಬಂದರೆ ಇನ್ನೊಂದು 5. ಇವರ ಟೆಂಪ್ಲೇಟಿನಲ್ಲಿ ರೈತರ ಹೆಸರು ಮತ್ತು ಊರು ಎರಡೂ ಒಂದೇ ಖಾಲಿ ಜಾಗದಲ್ಲಿ ಕೂತಿದ್ದವು. ಈ ಮೂರನ್ನೂ ಸೇರಿಸಿ, ನಡುವಿನ ಕಾಮಾ ಮತ್ತು ಸ್ಪೇಸ್ ಎಣಿಸಿದರೆ 35. ಮುಗೀತು. ಅದೇ ‘ಬಸಪ್ಪ, ಕದರಮಂಡಲಗಿ’ ಆಗಿದ್ದರೆ 16, ಆರಾಮಾಗಿ ಹೋಗುತ್ತದೆ.

ಮೂಲ ಕಾರಣ ಇಷ್ಟೇ. ಟೆಂಪ್ಲೇಟ್ ಬದಲಿಸಿ, ಹೆಸರಿಗೊಂದು ಊರಿಗೊಂದು ಬೇರೆ ಜಾಗ ಮಾಡಿದರೆ ಸರಿಹೋಗುವ ವಿಷಯ. ಆದರೆ ಇದು ಇಷ್ಟು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಗೇಟ್‌ವೇ ಪ್ರತಿ ಸಲವೂ ‘ಟೆಂಪ್ಲೇಟ್ ಹೊಂದುತ್ತಿಲ್ಲ’ ಅಂತ ಉತ್ತರ ಕೊಡುತ್ತಲೇ ಇತ್ತು. ಆ ಉತ್ತರವನ್ನು ನಮ್ಮ ಪ್ರೋಗ್ರಾಮ್ ಪ್ರತಿ ಸಲವೂ ಓದುತ್ತಲೇ ಇತ್ತು. ಎರರ್ ಅಂತ ಸರಿಯಾಗಿ ಗುರುತಿಸುತ್ತಲೂ ಇತ್ತು. ಆಮೇಲೆ ಅದನ್ನು ನುಂಗುತ್ತಿತ್ತು.

ಆ ಆರು ಸಾಲು

ಕೋಡಿನ ತಿರುಳನ್ನು ಕನ್ನಡದಲ್ಲೇ ಬರೆದು ತೋರಿಸುತ್ತೇನೆ. ಫಾರ್‌ಈಚ್ ಅಂದರೆ ಪ್ರತಿಯೊಂದಕ್ಕೂ ಇದನ್ನು ಮಾಡು, ದೆನ್ ಅಂದರೆ ಅದು ಆದ ಮೇಲೆ ಇದನ್ನು ಮಾಡು, ಕ್ಯಾಚ್ ಅಂದರೆ ಎರರ್ ಬಂದರೆ ಹಿಡಿ.

ಲಾಟುಗಳು.ಫಾರ್‌ಈಚ್(ಲಾಟು =>
  ಮೆಸೇಜ್_ಕಳಿಸು(ಲಾಟು)
    .ದೆನ್(ಉತ್ತರ_ಪರೀಕ್ಷಿಸು)
    .ಕ್ಯಾಚ್(() => {})
    .ದೆನ್(() => ಗುರುತು_ಹಾಕು(ಲಾಟು, 'ಕಳಿಸಿದೆ')))
ತೋರಿಸು('ಎಲ್ಲ ರೈತರಿಗೂ ಮೆಸೇಜ್ ಹೋಗಿದೆ')

ಮೊದಲ ದೋಷ ಫಾರ್‌ಈಚ್‌ನದು. ಪ್ರಾಮಿಸ್ ಅಂದರೆ ಚೀಲ ಇಳಿಸಿದಾಗ ಕೊಡುವ ಚೀಟಿ ಇದ್ದ ಹಾಗೆ. ಕೆಲಸ ಇನ್ನೂ ಆಗಿಲ್ಲ, ಆದಾಗ ಈ ಚೀಟಿ ಹಿಡಿದು ಕೇಳಬೇಕು. ಫಾರ್‌ಈಚ್ ಪ್ರತಿ ಲಾಟಿಗೂ ಒಂದು ಚೀಟಿ ಪಡೆದು ಅಲ್ಲೇ ಬಿಸಾಡುತ್ತದೆ. ಒಳಗಿನ ಫಂಕ್ಷನ್ ಏನನ್ನೇ ಹಿಂದಿರುಗಿಸಲಿ, ಅದು ನೋಡುವುದೇ ಇಲ್ಲ. ಅದರ ಸ್ವಭಾವವೇ ಹಾಗೆ. 2009ರಲ್ಲಿ ಬಂದ ಜಾವಾಸ್ಕ್ರಿಪ್ಟಿನ ಇಎಸ್5 ಆವೃತ್ತಿಯ ಕಾಲದಿಂದ ಇರುವ ಫಂಕ್ಷನ್ ಅದು. ಪ್ರಾಮಿಸ್ ಭಾಷೆಯೊಳಗೆ ಬಂದಿದ್ದು 2015ರಲ್ಲಿ, ಪ್ರಾಮಿಸ್ ಮುಗಿಯುವ ತನಕ ಕಾಯಲು ಬಳಸುವ ಅಸಿಂಕ್ ಮತ್ತು ಅವೇಟ್ 2017ರಲ್ಲಿ. ಹಳೆಯದಕ್ಕೆ ಹೊಸದರ ಪರಿಚಯ ಇಲ್ಲ. ಹಾಗಾಗಿ ಕೊನೆಯ ಸಾಲಿನ ‘ಎಲ್ಲ ರೈತರಿಗೂ ಮೆಸೇಜ್ ಹೋಗಿದೆ’ ಅನ್ನುವುದು ಒಂದೇ ಒಂದು ಮೆಸೇಜೂ ಹೋಗುವ ಮೊದಲೇ ಸ್ಕ್ರೀನಿನ ಮೇಲೆ ಬರುತ್ತಿತ್ತು.

ಆದರೆ ನಿಜವಾದ ಹಾನಿ ಮಾಡಿದ್ದು ಕ್ಯಾಚ್. ಇದನ್ನು ನಿಧಾನವಾಗಿ ನೋಡಬೇಕು.

ಪ್ರಾಮಿಸ್ ಸರಪಳಿಯಲ್ಲಿ ಒಂದು ಕಡೆ ಎರರ್ ಬಂದರೆ, ಅದರ ನಂತರದ ದೆನ್‌ಗಳೆಲ್ಲ ಬಿಟ್ಟುಹೋಗುತ್ತವೆ. ಎರರ್ ಮುಂದೆ ಮುಂದೆ ಸರಿಯುತ್ತಾ ಮೊದಲು ಸಿಗುವ ಕ್ಯಾಚ್‌ಗೆ ಬಂದು ನಿಲ್ಲುತ್ತದೆ. ಇಲ್ಲಿಯ ತನಕ ಎಲ್ಲರಿಗೂ ಗೊತ್ತು. ಹಲವರು ಮರೆಯುವುದು ಮುಂದಿನದನ್ನು. ಕ್ಯಾಚ್ ಕೂಡ ಒಂದು ಹೊಸ ಪ್ರಾಮಿಸ್ ಕೊಡುತ್ತದೆ. ಕ್ಯಾಚ್ ಒಳಗೆ ನೀವು ಮತ್ತೆ ಎರರ್ ಎಸೆಯದಿದ್ದರೆ, ಸರಪಳಿಯ ಪಾಲಿಗೆ ಎಲ್ಲ ಸರಿಹೋಯಿತು. ಕ್ಯಾಚ್ ಖಾಲಿ ಇದ್ದರೂ ಅಷ್ಟೇ. ಅದು ಅನ್‌ಡಿಫೈನ್ಡ್ ಅನ್ನುವ ಬೆಲೆಯೊಂದಿಗೆ ಯಶಸ್ಸು ಅಂತಲೇ ಮುಗಿಯುತ್ತದೆ. ಅದರ ಮುಂದಿನ ದೆನ್ ಓಡುತ್ತದೆ.

ಈಗ ಮೇಲಿನ ಕೋಡನ್ನು ಉದ್ದ ಹೆಸರಿನ ರೈತರೊಬ್ಬರ ಲಾಟು ಹಿಡಿದು ಓದಿ. ಮೆಸೇಜ್ ಗೇಟ್‌ವೇಗೆ ಹೋಯಿತು. ಗೇಟ್‌ವೇ ಬೇಡ ಅಂದಿತು. ಉತ್ತರ ಪರೀಕ್ಷಿಸುವ ಫಂಕ್ಷನ್ ಅದನ್ನು ಕಂಡು ಎರರ್ ಎಸೆಯಿತು. ಖಾಲಿ ಕ್ಯಾಚ್ ಅದನ್ನು ಹಿಡಿದು ಸುಮ್ಮನಾಯಿತು. ಮುಂದಿನ ದೆನ್ ಬಂದು ಆ ಲಾಟಿನ ಮುಂದೆ ‘ಕಳಿಸಿದೆ’ ಅಂತ ಡೇಟಾಬೇಸಿನಲ್ಲಿ ಬರೆಯಿತು. ಎರರ್ ಕಳೆದುಹೋಗಿದ್ದು ಒಂದು ತೊಂದರೆ. ಅದರ ಜಾಗದಲ್ಲಿ ಒಂದು ಸುಳ್ಳು ದಾಖಲೆ ಹುಟ್ಟಿದ್ದು ಅದಕ್ಕಿಂತ ದೊಡ್ಡದು. ಎರರ್ ಕಾಣದಿದ್ದರೆ ಹುಡುಕಬಹುದು. ದಾಖಲೆಯೇ ಸುಳ್ಳು ಹೇಳಿದರೆ ಹುಡುಕಬೇಕು ಅಂತಲೇ ಅನಿಸುವುದಿಲ್ಲ.

ಇನ್ನೊಂದು ಮಾತು. ಗೇಟ್‌ವೇ ‘ಬೇಡ’ ಅಂದಿದ್ದು ಎಚ್‌ಟಿಟಿಪಿ 200 ಸ್ಥಿತಿಯೊಂದಿಗೆ, ಅಂದರೆ ‘ಎಲ್ಲ ಸರಿ’ ಅನ್ನುವ ಸಂಕೇತದೊಂದಿಗೆ, ತಿರಸ್ಕಾರದ ವಿಷಯ ಉತ್ತರದ ಒಡಲಲ್ಲಿತ್ತು. ಅದು 500, ಅಂದರೆ ಸರ್ವರ್ ದೋಷ, ಅಂತ ಹೇಳಿದ್ದರೂ ಗೇಟ್‌ವೇಗೆ ಕರೆ ಮಾಡುವ ಫೆಚ್ ಫಂಕ್ಷನ್ ತಾನಾಗಿ ಎರರ್ ಎಸೆಯುತ್ತಿರಲಿಲ್ಲ. ಫೆಚ್ ಪ್ರಕಾರ 404 ಆಗಲಿ 500 ಆಗಲಿ, ಉತ್ತರ ಬಂತು ಅಂದರೆ ಯಶಸ್ಸು. ಸಂಪರ್ಕವೇ ಕಡಿದುಹೋದರೆ ಅಥವಾ ನಾವೇ ರದ್ದು ಮಾಡಿದರೆ ಮಾತ್ರ ಅದು ತಿರಸ್ಕರಿಸುತ್ತದೆ. ಈ ಟೀಮಿನವರು ಉತ್ತರದ ಒಡಲನ್ನು ಓದಿ ತಾವೇ ಎರರ್ ಎಸೆಯುವ ಫಂಕ್ಷನ್ ಬರೆದಿದ್ದರು. ಅದು ಅಚ್ಚುಕಟ್ಟಾದ ಕೆಲಸ. ಎಷ್ಟೋ ಕಡೆ ನಾನು ಅದನ್ನೂ ನೋಡಿಲ್ಲ. ಅಷ್ಟು ಜಾಗ್ರತೆ ವಹಿಸಿದವರು ಮುಂದಿನ ಸಾಲಿನಲ್ಲೇ ಖಾಲಿ ಕ್ಯಾಚ್ ಯಾಕೆ ಬರೆದರು?

ಬರೆದಿರಲಿಲ್ಲ. ಆಮೇಲೆ ಸೇರಿಸಿದ್ದು.

ಕ್ಯಾಚ್ ಬಂದ ಕಥೆ

ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಇತಿಹಾಸ ತೆರೆದಾಗ ಈ ಪ್ರಕರಣದ ಮುಖವೇ ಬದಲಾಯಿತು. ಹಿಂದಿನ ಸೀಸನ್ನುಗಳಲ್ಲಿ ಆ ಕ್ಯಾಚ್ ಸಾಲು ಇರಲೇ ಇಲ್ಲ. ಉಳಿದ ಐದು ಸಾಲು ಹಾಗೇ ಇದ್ದವು. ಟೆಂಪ್ಲೇಟ್ ಅದೇ, 30 ಅಕ್ಷರದ ಮಿತಿಯೂ ಅದೇ. ಅಂದರೆ ಉದ್ದ ಹೆಸರಿನವರ ಮೆಸೇಜ್ ಹಿಂದಿನ ವರ್ಷವೂ ತಿರಸ್ಕಾರ ಆಗುತ್ತಿತ್ತು. ಆಗ ಯಾಕೆ ದೂರು ಬರಲಿಲ್ಲ?

ಗುಮಾಸ್ತರನ್ನು ಕೇಳಿದೆ. ಅವರು ಸಹಜವಾಗಿ ಹೇಳಿದರು: "ಆವಾಗ ಬಾಕಿ ಲಿಸ್ಟ್ ಬರ್ತಿತ್ರೀ. ಅದರಾಗ ಇದ್ದವರಿಗೆ ನಾನs ಫೋನ್ ಮಾಡ್ತಿದ್ದೆ."

ಇದೇ ಇಡೀ ಪ್ರಕರಣದ ಕೀಲಿ. ಕ್ಯಾಚ್ ಇಲ್ಲದಾಗ ಎರರ್ ಸರಪಳಿಯನ್ನು ಅಲ್ಲಿಗೇ ನಿಲ್ಲಿಸುತ್ತಿತ್ತು. ‘ಕಳಿಸಿದೆ’ ಅಂತ ಗುರುತು ಬೀಳುತ್ತಿರಲಿಲ್ಲ. ಆ ಲಾಟು ಬಾಕಿ ಪಟ್ಟಿಯಲ್ಲೇ ಉಳಿಯುತ್ತಿತ್ತು. ಮೇಲೆ ಹಸಿರು ಬಣ್ಣದಲ್ಲಿ ‘ಎಲ್ಲ ಹೋಗಿದೆ’ ಅಂತ ಬಂದರೂ ಗುಮಾಸ್ತರು ಅದನ್ನು ನಂಬುತ್ತಿರಲಿಲ್ಲ. ಕೆಳಗಿನ ಪಟ್ಟಿ ನೋಡಿ ಫೋನ್ ಮಾಡುತ್ತಿದ್ದರು. ಯಾರೂ ಹೇಳಿಕೊಟ್ಟಿದ್ದಲ್ಲ, ಅವರೇ ಕಂಡುಕೊಂಡ ದಾರಿ. ಸಾಫ್ಟ್‌ವೇರ್ ಮಾಡಿದವರಿಗೆ ಇದು ಗೊತ್ತೇ ಇರಲಿಲ್ಲ.

ಆಗ ಸರ್ವರ್ ನೋಡ್ 14ರ ಮೇಲಿತ್ತು. ಯಾರೂ ಹಿಡಿಯದ ತಿರಸ್ಕಾರಕ್ಕೆ, ಅಂದರೆ ಕ್ಯಾಚ್ ಇಲ್ಲದೆ ಬಿದ್ದ ಪ್ರಾಮಿಸ್‌ನ ಎರರ್‌ಗೆ, ನೋಡ್ 14 ಲಾಗಿನಲ್ಲಿ ಒಂದು ಎಚ್ಚರಿಕೆ ಬರೆದು ಮುಂದೆ ಹೋಗುತ್ತದೆ. 2016ರ ನೋಡ್ 6.6ರಿಂದ ಅದು ಹೀಗೆ ಎಚ್ಚರಿಸುತ್ತಾ ಬಂದಿತ್ತು. ಮುಂದಿನ ಆವೃತ್ತಿಯಿಂದ, ಹೀಗೆ ಬಿಟ್ಟರೆ ಮುಂದೊಂದು ದಿನ ಪ್ರೋಸೆಸ್, ಅಂದರೆ ಓಡುತ್ತಿರುವ ಸರ್ವರ್ ಪ್ರೋಗ್ರಾಮ್, ನಿಂತುಹೋಗುತ್ತದೆ ಅಂತಲೂ ಹೇಳುತ್ತಿತ್ತು. 2020ರ ಅಕ್ಟೋಬರಿನಲ್ಲಿ ಬಂದ ನೋಡ್ 15 ಹೇಳಿದ ಹಾಗೇ ಮಾಡಿತು. ಅಲ್ಲಿಂದ ಮುಂದೆ, ಯಾರೂ ಹಿಡಿಯದ ತಿರಸ್ಕಾರ ಅಂದರೆ ಪ್ರೋಸೆಸ್ ಕೋಡ್ 1ರೊಂದಿಗೆ ಸಾಯುತ್ತದೆ.

ನೋಡ್ 14ಕ್ಕೆ 2023ರ ಏಪ್ರಿಲ್‌ನಲ್ಲೇ ಬೆಂಬಲ ಮುಗಿದಿತ್ತು. ಈ ಟೀಮು 2024ರ ಮಳೆಗಾಲದಲ್ಲಿ, ಮಾರುಕಟ್ಟೆ ಮಂದ ಇರುವಾಗ, ನೋಡ್ 20ಕ್ಕೆ ಹೋಯಿತು. ಸರಿಯಾದ ನಿರ್ಧಾರ, ಸರಿಯಾದ ಸಮಯ. ಆಗ ಮೆಸೇಜ್ ಕಡಿಮೆ, ಉದ್ದ ಹೆಸರುಗಳೂ ಬರಲಿಲ್ಲ, ಎಲ್ಲ ಸರಿಯಾಗಿ ನಡೆಯಿತು. ಸೀಸನ್ ಶುರುವಾಗಿ ಆವಕ ಏರಿದ ಒಂದು ಸೋಮವಾರ, ಗುಮಾಸ್ತರು ಬಟನ್ ಒತ್ತಿದ ತಕ್ಷಣ ಸರ್ವರ್ ಬಿತ್ತು. ತಾನಾಗಿ ಎದ್ದಿತು. ಮತ್ತೆ ಒತ್ತಿದರು, ಮತ್ತೆ ಬಿತ್ತು. ಬೀಳುವ ಮೊದಲು ಕೆಲವು ಮೆಸೇಜ್ ಗೇಟ್‌ವೇ ತಲುಪಿದ್ದವು, ಆದರೆ ಅವುಗಳ ಉತ್ತರ ಬರುವಷ್ಟರಲ್ಲಿ ಪ್ರೋಸೆಸ್ ಸತ್ತಿತ್ತು. ಹಾಗಾಗಿ ಅವು ಬಾಕಿ ಅಂತಲೇ ಉಳಿದು ಮತ್ತೆ ಹೋದವು. ಕೆಲವರಿಗೆ ಒಂದೇ ಮೆಸೇಜ್ ಎರಡೆರಡು ಸಲ, ಕೆಲವರಿಗೆ ಇಲ್ಲವೇ ಇಲ್ಲ. ಅಂಗಡಿಯ ತುಂಬ ಜನ, ಹುಬ್ಬಳ್ಳಿಗೆ ಮೇಲಿಂದ ಮೇಲೆ ಫೋನು.

ಟೀಮಿನ ಹುಡುಗ ಮೊದಲು ಇಡೀ ಫಾರ್‌ಈಚ್ ಸುತ್ತ ಟ್ರೈ-ಕ್ಯಾಚ್, ಅಂದರೆ ತನ್ನೊಳಗಿನ ಎರರ್ ಹಿಡಿಯುವ ಬ್ಲಾಕ್, ಹಾಕಿದ್ದಾನೆ. ಅದು ಆ ದಿನದ ಇತಿಹಾಸದಲ್ಲಿ ಕಾಣುತ್ತದೆ. ಪ್ರಯೋಜನ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಗೇಟ್‌ವೇಯಿಂದ ಉತ್ತರ ಬರುವ ಹೊತ್ತಿಗೆ ಆ ಟ್ರೈ ಬ್ಲಾಕ್ ಯಾವತ್ತೋ ಮುಗಿದುಹೋಗಿರುತ್ತದೆ. ಅವೇಟ್ ಇಲ್ಲದೆ ಬಿಟ್ಟ ಪ್ರಾಮಿಸ್‌ನ ಎರರ್ ಸುತ್ತಲಿನ ಟ್ರೈಗೆ ಸಿಗುವುದಿಲ್ಲ. ಆಮೇಲೆ ಅವನು ಸರಪಳಿಯೊಳಗೆ ಖಾಲಿ ಕ್ಯಾಚ್ ಹಾಕಿದ. ಸರ್ವರ್ ಬೀಳುವುದು ನಿಂತಿತು. ಮತ್ತೆ ಬೀಳದಿರಲಿ ಅಂತ, ಇಡೀ ಪ್ರೋಸೆಸ್ಸಿಗೆ ಅನ್ವಯಿಸುವ ‘ಅನ್‌ಹ್ಯಾಂಡಲ್ಡ್ ರಿಜೆಕ್ಷನ್’ ಘಟನೆಗೂ ಒಂದು ಖಾಲಿ ಫಂಕ್ಷನ್ ಕಟ್ಟಿದ. ಆ ಘಟನೆಗೆ ಯಾರಾದರೂ ಒಬ್ಬರು ಕಿವಿ ಕೊಟ್ಟರೂ ಸಾಕು, ನೋಡ್ ತನ್ನ ಜವಾಬ್ದಾರಿ ಮುಗಿಯಿತು ಅಂದುಕೊಂಡು ಪ್ರೋಸೆಸ್ಸನ್ನು ನಿಲ್ಲಿಸುವುದಿಲ್ಲ. ಕೇಳಿಸಿಕೊಂಡವರು ಏನು ಮಾಡಿದರು ಅಂತ ಅದು ನೋಡುವುದಿಲ್ಲ.

ಆ ಹುಡುಗನನ್ನು ನಾನು ದೂರುವುದಿಲ್ಲ. ಮಾರುಕಟ್ಟೆ ದಿನದ ಮಧ್ಯಾಹ್ನ ಅವನ ಮುಂದೆ ಇದ್ದ ಪ್ರಶ್ನೆ ‘ಸರ್ವರ್ ಬೀಳುತ್ತಿದೆ, ನಿಲ್ಲಿಸು’ ಅನ್ನುವುದು. ಅವನು ಅದನ್ನು ಮಾಡಿದ. ಆದರೆ ನನ್ನ ಪ್ರಕಾರ ಅಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಒಂದೇ ಒಂದು ಭಾಗ ಅಂದರೆ ಆ ಕ್ರ್ಯಾಶ್. ವರ್ಷಗಟ್ಟಲೆ ಲಾಗಿನಲ್ಲಿ ಮೆಲ್ಲಗೆ ಬರುತ್ತಿದ್ದ ಎಚ್ಚರಿಕೆ ಅಂದು ಕೂಗಿ ಹೇಳಿತ್ತು. ಲಾಗ್ ತೆರೆದಿದ್ದರೆ ಅದರಲ್ಲಿ ‘ಟೆಂಪ್ಲೇಟ್ ಹೊಂದುತ್ತಿಲ್ಲ’ ಅನ್ನುವ ಸಾಲು ಲಾಟಿನ ನಂಬರಿನ ಸಮೇತ ಇತ್ತು. ಆ ಸೋಮವಾರದ ಹಳೆ ಲಾಗ್ ಫೈಲ್ ಇನ್ನೂ ಉಳಿದಿತ್ತು, ನಾನೇ ನೋಡಿದೆ. ತಿಂಗಳುಗಳ ನಂತರ ನಾವು ಅಕ್ಷರ ಎಣಿಸಿ ಕಂಡುಕೊಂಡಿದ್ದನ್ನು ಅದು ಮೊದಲ ದಿನವೇ ಹೇಳಿತ್ತು.

ಅದರ ಮಾರನೇ ಗುರುವಾರ ಬಟನ್ ಒತ್ತಿದಾಗ ಬಾಕಿ ಪಟ್ಟಿ ಖಾಲಿ ಬಂತು. ಸೀಸನ್ನಿನ ದಿನಗಳಲ್ಲಿ ಹಿಂದೆ ಯಾವತ್ತೂ ಹಾಗೆ ಬಂದಿರಲಿಲ್ಲ. ಗುಮಾಸ್ತರಿಗೆ ಖುಷಿಯಾಯಿತು. ಸಾಫ್ಟ್‌ವೇರ್ ಸುಧಾರಿಸಿದೆ ಅಂದುಕೊಂಡು ಫೋನ್ ಮಾಡುವುದನ್ನು ಬಿಟ್ಟರು.

ಸರಿಪಡಿಸಿದ್ದು

ಎಲ್ಲ ಕಡೆ ಇನ್ನಷ್ಟು ಕ್ಯಾಚ್ ಹಾಕಿ, ಎಲ್ಲ ಕಡೆ ಲಾಗ್ ಬರೆಯಿರಿ ಅನ್ನುವ ಸಲಹೆ ಮೊದಲು ಬಂತು. ನಾನು ಅದನ್ನು ಒಪ್ಪಲಿಲ್ಲ. ಕ್ಯಾಚ್ ಕಡಿಮೆ ಇರಬೇಕು. ಎರರ್ ಬಂದರೆ ಏನು ಮಾಡಬೇಕು ಅಂತ ತೀರ್ಮಾನಿಸಲು ಸಾಧ್ಯ ಇರುವ ಜಾಗದಲ್ಲಿ ಮಾತ್ರ ಇರಬೇಕು. ಎರರ್ ಹಿಡಿದವರು ಅದಕ್ಕೆ ಉತ್ತರ ಕೊಡಬೇಕು. ಉತ್ತರ ಗೊತ್ತಿಲ್ಲದವರು ಹಿಡಿಯಬಾರದು, ಮೇಲಕ್ಕೆ ಹೋಗಲು ಬಿಡಬೇಕು.

ಹಾಗಾಗಿ ಮೊದಲು ತೆಗೆದಿದ್ದು ಆ ಎರಡು ಖಾಲಿ ಫಂಕ್ಷನ್‌ಗಳನ್ನು. ಇಡೀ ಪ್ರೋಸೆಸ್ಸಿನ ಮಟ್ಟದಲ್ಲಿ ಈಗ ಇರುವುದು ಇಷ್ಟು: ಎರರನ್ನು ಪೂರ್ತಿ ವಿವರದ ಸಮೇತ ಬರೆದಿಟ್ಟು, ಪ್ರೋಸೆಸ್ ನಿಲ್ಲಿಸಿಬಿಡು. ಯಾರೂ ಊಹಿಸದ ಎರರ್ ಬಂದಿದೆ ಅಂದರೆ ಸರ್ವರಿನ ಒಳಗಿನ ಸ್ಥಿತಿ ಹೇಗಿದೆಯೋ ಗೊತ್ತಿಲ್ಲ. ಅದನ್ನು ಎಳೆದಾಡಿಕೊಂಡು ಓಡಿಸುವುದಕ್ಕಿಂತ ಹೊಸದಾಗಿ ಎಬ್ಬಿಸುವುದು ಮೇಲು.

ಫಾರ್‌ಈಚ್ ಜಾಗಕ್ಕೆ ಮ್ಯಾಪ್ ಬಂತು. ಮ್ಯಾಪ್ ಚೀಟಿಗಳನ್ನೆಲ್ಲ ಕೂಡಿಸಿ ಕೈಗೆ ಕೊಡುತ್ತದೆ. ಅವುಗಳನ್ನು ಕಾಯಲು ಟೀಮಿನವರು ಪ್ರಾಮಿಸ್ ಆಲ್ ಬಳಸಲು ಹೊರಟಿದ್ದರು. ಅದರಲ್ಲೂ ಒಂದು ಗುಂಡಿ ಇದೆ. ಪ್ರಾಮಿಸ್ ಆಲ್ ಮೊದಲ ಎರರ್ ಬಂದ ಕೂಡಲೇ ಆ ಒಂದನ್ನು ಎತ್ತಿಕೊಂಡು ಹೊರಗೆ ಬರುತ್ತದೆ. ಉಳಿದ ಕೆಲಸಗಳು ನಿಲ್ಲುವುದಿಲ್ಲ, ಹಿಂದೆ ನಡೆಯುತ್ತಲೇ ಇರುತ್ತವೆ. ಅವುಗಳಲ್ಲಿ ಬರುವ ಎರಡನೇ, ಮೂರನೇ ಎರರ್‌ಗಳನ್ನು ಅದು ಸದ್ದಿಲ್ಲದೆ ಒಳಗೆ ಹಾಕಿಕೊಳ್ಳುತ್ತದೆ. ಅವಕ್ಕೆ ‘ಅನ್‌ಹ್ಯಾಂಡಲ್ಡ್’ ಎಚ್ಚರಿಕೆ ಕೂಡ ಬರುವುದಿಲ್ಲ. ಒಂದೂ ತಪ್ಪದೆ ಎಲ್ಲ ಆಗಲೇಬೇಕು ಅನ್ನುವ ಕೆಲಸಕ್ಕೆ ಅದು ಸರಿ. ನೂರು ರೈತರಲ್ಲಿ ಯಾರ್ಯಾರಿಗೆ ಹೋಗಿಲ್ಲ ಅಂತ ತಿಳಿಯಬೇಕಾದ ಕಡೆ ಅಲ್ಲ.

ಅದಕ್ಕೆ ಸರಿಹೊಂದಿದ್ದು 2020ರಲ್ಲಿ ಭಾಷೆಗೆ ಸೇರಿದ ಆಲ್‌ಸೆಟಲ್ಡ್. ಅದು ಎಲ್ಲವೂ ಮುಗಿಯುವ ತನಕ ಕಾದು, ಒಂದೊಂದರ ಫಲಿತಾಂಶವನ್ನೂ ಪ್ರತ್ಯೇಕವಾಗಿ ಕೊಡುತ್ತದೆ: ಆಯಿತು, ಅಥವಾ ಆಗಲಿಲ್ಲ ಮತ್ತು ಕಾರಣ ಇದು. ಇದನ್ನು ಮೆಚ್ಚುವಾಗಲೂ ಒಂದು ಎಚ್ಚರಿಕೆ ಬೇಕು. ತನಗೆ ಒಪ್ಪಿಸಿದ ಪ್ರಾಮಿಸ್‌ಗಳಲ್ಲಿ ಯಾವುದು ಬಿದ್ದರೂ ಆಲ್‌ಸೆಟಲ್ಡ್ ತಾನು ತಿರಸ್ಕರಿಸುವುದಿಲ್ಲ. ಅದರ ಫಲಿತಾಂಶವನ್ನು ಯಾರೂ ಓದದಿದ್ದರೆ, ಖಾಲಿ ಕ್ಯಾಚ್‌ಗಿಂತ ದೊಡ್ಡ ಬಾಯಿ ಅದರದ್ದು. ಹಾಗಾಗಿ ಈಗ ಸ್ಕ್ರೀನಿನ ಮೇಲೆ ಬರುವ ವಾಕ್ಯ ಆ ಫಲಿತಾಂಶದಿಂದಲೇ ಹುಟ್ಟುತ್ತದೆ. ಇಷ್ಟು ಹೋಗಿದೆ, ಇಷ್ಟು ಹೋಗಿಲ್ಲ, ಹೋಗದವರ ಹೆಸರು, ಪಕ್ಕದಲ್ಲಿ ಕಾರಣ. ಗೇಟ್‌ವೇಗೆ ಒಮ್ಮೆಲೇ ನೂರಾರು ಕರೆ ಬೀಳದಂತೆ ಸಣ್ಣ ಸಣ್ಣ ಕಂತುಗಳಲ್ಲಿ ಕಳಿಸುತ್ತೇವೆ.

‘ಕಳಿಸಿದೆ’ ಅಂತ ಗುರುತು ಹಾಕುವ ಹೆಜ್ಜೆ ಈಗ ಉತ್ತರ ಪರೀಕ್ಷೆಯ ಹೆಗಲಿಗೇ ಅಂಟಿಕೊಂಡಿದೆ. ನಡುವೆ ಏನೂ ಇಲ್ಲ. ಕ್ಯಾಚ್ ಉಳಿದಿರುವುದು ಒಂದೇ ಜಾಗದಲ್ಲಿ, ಅದೂ ಗೊತ್ತಿರುವ ಎರರ್‌ಗಳಿಗೆ. ಟೆಂಪ್ಲೇಟ್ ಹೊಂದದಿದ್ದರೆ, ಮೊಬೈಲ್ ನಂಬರ್ ತಪ್ಪಿದ್ದರೆ, ಕಾರಣ ಬರೆದು ಬಾಕಿ ಪಟ್ಟಿಗೆ ಹಾಕುತ್ತದೆ. ಬೇರೆ ಏನೇ ಬಂದರೂ ಮತ್ತೆ ಎಸೆಯುತ್ತದೆ.

ಎರರೇ ಅಲ್ಲದ ಒಂದು ಮೌನವೂ ಇತ್ತು. ಗೇಟ್‌ವೇ ಉತ್ತರವನ್ನೇ ಕೊಡದೆ ಸುಮ್ಮನೆ ಕೂತರೆ ಪ್ರಾಮಿಸ್ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಹಲವು ನಿಮಿಷ ಹಾಗೇ ತೂಗಾಡಬಹುದು, ಆಲ್‌ಸೆಟಲ್ಡ್ ಕೂಡ ಅದಕ್ಕಾಗಿ ಕಾಯುತ್ತಾ ಕೂರುತ್ತದೆ. ಅದಕ್ಕೆ ಪ್ರತಿ ಕರೆಗೂ ಅಬಾರ್ಟ್‌ಸಿಗ್ನಲ್ ಮೂಲಕ ಕಾಲಮಿತಿ ಕಟ್ಟಿದೆವು. ಸಮಯ ಮೀರಿದರೆ ಅದೂ ಒಂದು ಎರರ್, ಪಟ್ಟಿಯಲ್ಲಿ ಕಾಣುತ್ತದೆ.

ಲಿಂಟ್, ಅಂದರೆ ಕೋಡ್ ಓಡಿಸುವ ಮೊದಲೇ ತಪ್ಪು ಹುಡುಕುವ ಉಪಕರಣ, ಅದರ ಬಗ್ಗೆ ಎರಡು ಮಾತು. ಟೈಪ್‌ಸ್ಕ್ರಿಪ್ಟ್ ಇಎಸ್‌ಲಿಂಟ್‌ನಲ್ಲಿ ‘ನೋ ಫ್ಲೋಟಿಂಗ್ ಪ್ರಾಮಿಸಸ್’ ಅನ್ನುವ ನಿಯಮ ಇದೆ. ಯಾರೂ ಕಾಯದೆ ಬಿಟ್ಟ ಪ್ರಾಮಿಸ್‌ಗಳನ್ನು ಅದು ಹಿಡಿಯುತ್ತದೆ. ಫಾರ್‌ಈಚ್ ಒಳಗೆ ಅಸಿಂಕ್ ಫಂಕ್ಷನ್ ಹಾಕಿದರೆ ಅದನ್ನು ಹಿಡಿಯುವುದು ‘ನೋ ಮಿಸ್‌ಯೂಸ್ಡ್ ಪ್ರಾಮಿಸಸ್’ ಅನ್ನುವ ಇನ್ನೊಂದು ನಿಯಮ. ಎರಡನ್ನೂ ಹಾಕಿದ್ದೇವೆ, ನೀವೂ ಹಾಕಿ. ಆದರೆ ಖಾಲಿ ಕ್ಯಾಚ್ ಕಂಡರೆ ಮೊದಲ ನಿಯಮಕ್ಕೆ ತೃಪ್ತಿ. ಕ್ಯಾಚ್ ಇದೆ ಅಂದರೆ ಯಾರೋ ನೋಡಿಕೊಂಡಿದ್ದಾರೆ ಅಂತಲೇ ಅದರ ಲೆಕ್ಕ. ಟ್ರೈ-ಕ್ಯಾಚ್‌ನ ಖಾಲಿ ಬ್ಲಾಕ್ ಹಿಡಿಯುವ ‘ನೋ ಎಂಪ್ಟಿ’ ನಿಯಮ ಕೂಡ ಕ್ಯಾಚ್‌ಗೆ ಕೊಟ್ಟ ಖಾಲಿ ಫಂಕ್ಷನ್ನನ್ನು ಬಿಟ್ಟುಬಿಡುತ್ತದೆ. ಅದಕ್ಕೆ ‘ನೋ ಎಂಪ್ಟಿ ಫಂಕ್ಷನ್’ ಬೇರೆ ಹಾಕಬೇಕು. ಅದನ್ನೂ ಹಾಕಿದೆವು. ಇಷ್ಟಾದರೂ ಒಳಗೆ ಬರೀ ಒಂದು ಕನ್ಸೋಲ್ ಲಾಗ್ ಬರೆದು, ಮುಂದಿನ ದೆನ್‌ಗೆ ದಾರಿ ಬಿಟ್ಟುಕೊಟ್ಟ ಕ್ಯಾಚನ್ನು ಈ ನಿಯಮಗಳಲ್ಲಿ ಯಾವುದೂ ಹಿಡಿಯುವುದಿಲ್ಲ. ಅದನ್ನು ಮನುಷ್ಯರೇ ಕೂತು ಓದಬೇಕು. ಪ್ರತಿ ಕ್ಯಾಚ್ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: ಇದಾದ ಮೇಲಿನ ಸಾಲು ಏನನ್ನು ನಿಜ ಅಂತ ನಂಬಿಕೊಂಡು ಓಡುತ್ತದೆ?

ಉಳಿದಿರುವುದು

ಹೊಸ ಟೆಂಪ್ಲೇಟ್ ನೋಂದಣಿಯಾಗಿ ಬಂತು. ಹೆಸರಿಗೆ ಒಂದು ಜಾಗ, ಊರಿಗೆ ಒಂದು ಜಾಗ. ಒಂದೊಂದು ಜಾಗಕ್ಕೂ ಹಾಕುವ ಮೊದಲು ಪ್ರೋಗ್ರಾಮ್ ಅಕ್ಷರ ಎಣಿಸುತ್ತದೆ. ಎಣಿಕೆ ಯೂನಿಕೋಡ್ ಲೆಕ್ಕದಲ್ಲೇ. ಕಣ್ಣಿಗೆ ಕಾಣುವ ಅಕ್ಷರಕ್ಕೆ ಹತ್ತಿರವಾಗಿ ಎಣಿಸುವ ಇಂಟ್ಲ್ ಸೆಗ್ಮೆಂಟರ್ ಜಾವಾಸ್ಕ್ರಿಪ್ಟಿನಲ್ಲಿ ಇದೆ, ಆದರೆ ಇಲ್ಲಿ ಅದು ದಾರಿ ತಪ್ಪಿಸುತ್ತದೆ, ಯಾಕೆಂದರೆ ಗೇಟ್‌ವೇ ಎಣಿಸುವುದು ಹಾಗಲ್ಲ. ಹೆಸರು ಮಿತಿ ಮೀರಿದರೆ ಅಡ್ಡಹೆಸರನ್ನು ಮೊದಲಕ್ಷರಕ್ಕೆ ಇಳಿಸುತ್ತದೆ. ಕನ್ನಡ ಮೆಸೇಜಿಗೆ ಒಂದು ಎಸ್ಸೆಮ್ಮೆಸ್‌ನಲ್ಲಿ 70 ಅಕ್ಷರ ಮಾತ್ರ ಹಿಡಿಯುವುದರಿಂದ ಈ ಮೆಸೇಜ್ ಒಂದಕ್ಕಿಂತ ಜಾಸ್ತಿ ಭಾಗವಾಗಿ ಹೋಗುತ್ತದೆ, ಖರ್ಚು ಸ್ವಲ್ಪ ಹೆಚ್ಚು. ಅಂಗಡಿಯವರು ಇಂಗ್ಲಿಷಿಗೆ ಬದಲಿಸಲು ಒಪ್ಪಲಿಲ್ಲ, ನನಗೂ ಅದೇ ಸರಿ ಅನಿಸಿತು.

ಸರಿಪಡಿಸಲಾಗದ ಒಂದು ಭಾಗ ಇದೆ. ಖಾಲಿ ಕ್ಯಾಚ್ ಇದ್ದ ಅವಧಿಯಲ್ಲಿ ‘ಕಳಿಸಿದೆ’ ಅಂತ ಬಿದ್ದ ಗುರುತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ನಮ್ಮ ಡೇಟಾಬೇಸ್ ಹೇಳಲಾರದು. ಗೇಟ್‌ವೇ ರಿಪೋರ್ಟ್ ಸಿಕ್ಕಿದಷ್ಟನ್ನು ತಾಳೆ ಹಾಕಿ ಗುಮಾಸ್ತರು ಆ ರೈತರಿಗೆ ತಾವೇ ಫೋನ್ ಮಾಡಿ ವಿಷಯ ಹೇಳಿದರು. ಹಳೆಯ ರಿಪೋರ್ಟ್‌ಗಳನ್ನು ಗೇಟ್‌ವೇ ಇಟ್ಟುಕೊಂಡಿರಲಿಲ್ಲ. ಆ ಸಾಲುಗಳ ಗುರುತನ್ನು ‘ಖಚಿತವಿಲ್ಲ’ ಅಂತ ಬದಲಿಸಿ ಬಿಟ್ಟಿದ್ದೇವೆ.

ಇನ್ನೊಂದು ಕೆಲಸ ಬಾಕಿ ಇದೆ. ಗೇಟ್‌ವೇ ಒಪ್ಪಿಕೊಂಡಿತು ಅಂದರೆ ರೈತರ ಮೊಬೈಲಿಗೆ ತಲುಪಿತು ಅಂತಲ್ಲ. ತಲುಪಿದ ವರದಿ ಆಮೇಲೆ ಬೇರೆ ದಾರಿಯಲ್ಲಿ ಬರುತ್ತದೆ, ಅದನ್ನು ಪಡೆದು ಲಾಟಿಗೆ ಜೋಡಿಸುವ ಭಾಗವನ್ನು ಟೀಮು ಬರೆಯುತ್ತಿದೆ. ಅಲ್ಲಿಯ ತನಕ ಪ್ರತಿ ಸೋಮವಾರ, ಗುರುವಾರ ಮಧ್ಯಾಹ್ನ ಬಾಕಿ ಪಟ್ಟಿಯಲ್ಲಿ ಒಂದೆರಡು ಹೆಸರು ಬರುತ್ತವೆ, ಹೆಚ್ಚಾಗಿ ನಂಬರ್ ಬದಲಿಸಿದವರದ್ದು. ಗುಮಾಸ್ತರು ಅವರ ಪಕ್ಕದ ಮನೆಯವರಿಗೋ, ಗಾಡಿಯಲ್ಲಿ ಜೊತೆ ಬಂದವರಿಗೋ ಫೋನ್ ಮಾಡಿ ರೇಟು ಹೇಳುತ್ತಾರೆ, ಹೊಸ ನಂಬರ್ ಕೇಳಿ ಬರೆದುಕೊಳ್ಳುತ್ತಾರೆ.